ವಿಡಿಯೊ ಕುಗ್ಗಿಸುವ ಮುನ್ನ



ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ರೈಲು ದಾರಿ ಸುಮಾರು 350 ಕಿಲೊಮೀಟರ್. ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿದರೆ ಹೆಚ್ಚುಕಡಿಮೆ ಆರು ಗಂಟೆಯ ಪ್ರಯಾಣ. ಏಲೂರು, ತಾಡೇಪಲ್ಲಿಗೂಡೆಂ, ಗೋದಾವರಿಯ ಉದ್ದನೆಯ ಸೇತುವೆ, ರಾಜಮಹೇಂದ್ರಿ, ಸಾಮಲಕೋಟ, ಅನ್ನವರಂ, ತುನಿ, ಆಮೇಲೆ ವಿಶಾಖಪಟ್ಟಣ. ಅಲ್ಲಿನ ಉಕ್ಕಿನ ಕಾರ್ಖಾನೆ, ಬಂದರು, ನೌಕಾಪಡೆಯಲ್ಲಿ ಕೆಲಸಕ್ಕಿರುವ ಕರ್ನಾಟಕದ ನಮ್ಮವರು ರಜೆಗೆ ಊರಿಗೆ ಬರುವುದಾದರೆ ಪ್ರಶಾಂತಿ ಎಕ್ಸ್‌ಪ್ರೆಸ್ ಹಿಡಿಯುತ್ತಾರೆ. ಅದು ಒಂದು ಹಗಲು ಒಂದು ರಾತ್ರಿಯ ದಾರಿ. ನಡುವೆ ನಲ್ಲಮಲದ ಕಾಡು ಬರುತ್ತದೆ, ಫೋನಿನ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ವಿಶಾಖಪಟ್ಟಣದಿಂದ ಅರಕು ಕಣಿವೆಗೆ ಹೋಗುವ ರೈಲಿನದಂತೂ ಇನ್ನೊಂದು ಕಥೆ. ಆ ದಾರಿಯಲ್ಲಿ 58 ಸುರಂಗಗಳು. ಅದೇ ವಿಶಾಖಪಟ್ಟಣದಲ್ಲಿ ಗೂಗಲ್ ಕಂಪನಿ ಐದು ವರ್ಷದಲ್ಲಿ 1500 ಕೋಟಿ ಡಾಲರ್ ಹಾಕಿ ದತ್ತಾಂಶ ಕೇಂದ್ರ ಕಟ್ಟುತ್ತದೆ, ಕಡಲಡಿಯ ಕೇಬಲ್ಲುಗಳು ಅಲ್ಲಿಗೆ ಬಂದು ಸೇರುತ್ತವೆ ಎಂದು 2025ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಒಳ್ಳೆಯ ಸುದ್ದಿಯೇ. ಆದರೆ ಸುರಂಗದೊಳಗಿನ ರೈಲಿಗೆ ಆ ಕೇಬಲ್ಲಿನಿಂದ ಏನೂ ಬರುವುದಿಲ್ಲ.

ಹಾಗಾಗಿ ಹೊರಡುವ ಹಿಂದಿನ ರಾತ್ರಿ ಫೋನಿಗೋ ಟ್ಯಾಬಿಗೋ ಎರಡು ಸಿನಿಮಾ, ಮಕ್ಕಳಿಗೊಂದಿಷ್ಟು ಕಥೆ, ಅಜ್ಜಿಗೊಂದು ಯಕ್ಷಗಾನ ಪ್ರಸಂಗ ತುಂಬಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಇನ್ನೂ ಉಳಿದಿದೆ. ತುಂಬುವಾಗ ಎದುರಾಗುವ ಪ್ರಶ್ನೆಗಳೂ ಹಳೆಯವೇ. ಜಾಗ ಸಾಲದು, ಕುಗ್ಗಿಸಬೇಕು. ಯಾವ ರೀತಿಯಲ್ಲಿ ಕುಗ್ಗಿಸಬೇಕು? ಕುಗ್ಗಿಸಿದ್ದು ಆ ಫೋನಿನಲ್ಲಿ ಓಡುತ್ತದೆಯೇ? ಓಡಿದರೂ ಬ್ಯಾಟರಿ ಊರು ಮುಟ್ಟುವತನಕ ಬರುತ್ತದೆಯೇ? ಈ ಹೊತ್ತು ಇದರ ಬಗ್ಗೆ ಮಾತಾಡೋಣ.

ಮೊದಲು, ಕುಗ್ಗಿಸುವ ಅಗತ್ಯವಾದರೂ ಏಕೆ ಎಂಬುದನ್ನು ನೋಡಿಬಿಡೋಣ. ಈಗಿನ ಫೋನಿನಲ್ಲಿ ತೆಗೆಯುವ ಸಾಮಾನ್ಯ ವಿಡಿಯೊದಲ್ಲಿ ಅಡ್ಡಕ್ಕೆ 1920 ಬಿಂದು, ಉದ್ದಕ್ಕೆ 1080 ಬಿಂದು. ಪ್ರತಿ ಬಿಂದುವಿನ ಬಣ್ಣ ಬರೆದಿಡಲು 24 ಬಿಟ್. ಸೆಕೆಂಡಿಗೆ ಇಂಥ 25 ಚಿತ್ರ ಎಂದಿಟ್ಟುಕೊಳ್ಳಿ. ಗುಣಿಸಿದರೆ ಒಂದು ನಿಮಿಷಕ್ಕೆ 9 ಜಿಬಿ ದಾಟುತ್ತದೆ. 64 ಜಿಬಿಯ ಕಾರ್ಡು ಏಳು ನಿಮಿಷದೊಳಗೆ ತುಂಬಿಹೋಗುತ್ತದೆ, ಸಿನಿಮಾದ ಹೆಸರು ತೋರಿಸಿ ಮುಗಿಯುವುದಕ್ಕೂ ಜಾಗ ಸಾಲದು. ಅದೇ ಕಾರ್ಡಿನಲ್ಲಿ ನಾವಿಂದು ಇಪ್ಪತ್ತು ಮೂವತ್ತು ಸಿನಿಮಾ ಇಟ್ಟುಕೊಂಡು ಓಡಾಡುತ್ತೇವೆ. ಇಷ್ಟು ದೊಡ್ಡ ವ್ಯತ್ಯಾಸ ಹೇಗೆ ಸಾಧ್ಯವಾಯಿತು ಎಂದು ಹುಡುಕಿಕೊಂಡು ಹೊರಟರೆ ದಾರಿ ಬೆಂಗಳೂರಿಗೇ ಬಂದು ಸೇರುತ್ತದೆ.

ನಾಸಿರ್ ಅಹ್ಮದ್ ಎಂಬ ಹೆಸರನ್ನು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ವಿಶ್ವೇಶ್ವರಯ್ಯನವರು 1917ರಲ್ಲಿ ಕಟ್ಟಿದ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಅಂದರೆ ಕೆ.ಆರ್. ವೃತ್ತದ ಯುವಿಸಿಇಯಲ್ಲಿ, ಓದಿ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದರು.   ಆ ಕಾಲೇಜಿನ ಹುಡುಗ ಮುಂದೆ ಕ್ಯಾನ್ಸಾಸಿನ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಮಾಡುತ್ತ, ಚಿತ್ರವನ್ನು ಕುಗ್ಗಿಸಲು ಹೊಸದೊಂದು ಗಣಿತದ ದಾರಿ ಕಂಡ. 1972ರಲ್ಲಿ ಸಂಶೋಧನೆಗೆ ಹಣ ಕೊಡಿ ಎಂದು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರೆ ಹಣ ಸಿಗಲಿಲ್ಲ. ಆಲೋಚನೆ ತೀರಾ ಸರಳವಾಯಿತು ಎಂದು ಪರಿಶೀಲಿಸಿದವರೊಬ್ಬರು ಬರೆದಿದ್ದರಂತೆ. ನಾಸಿರ್ ಅಹ್ಮದ್ ಅವರೇ ಇದನ್ನು ಮುಂದೆ ದಾಖಲಿಸಿದ್ದಾರೆ. ಅವರು ಬಿಡಲಿಲ್ಲ. 1974ರ ಜನವರಿಯಲ್ಲಿ ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆ ಸೇರಿ ಕೆಲವೇ ಪುಟಗಳ ಲೇಖನ ಪ್ರಕಟಿಸಿದರು. ಅದರಲ್ಲಿದ್ದದ್ದು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಡಿಸಿಟಿ. ಕೆ.ಆರ್. ರಾವ್ ಎಂದರೆ ಕಾಮಿಶೆಟ್ಟಿ ರಾಮಮೋಹನ ರಾವ್. ಮದರಾಸಿನ ಗಿಂಡಿ ಕಾಲೇಜಿನಲ್ಲಿ ಓದಿದವರು, ಟೆಕ್ಸಸ್ಸಿನ ಆರ್ಲಿಂಗ್‌ಟನ್ನಿನಲ್ಲಿ ದಶಕಗಳ ಕಾಲ ಮೇಷ್ಟ್ರಾಗಿದ್ದವರು.

ಇಂದು ನೀವು ತೆಗೆಯುವ ಪ್ರತಿ ಜೆಪೆಗ್ ಫೋಟೊ, ನೋಡುವ ವಿಸಿಡಿ, ಡಿವಿಡಿ, ಯೂಟ್ಯೂಬು, ವಾಟ್ಸ್ಯಾಪಿನ ಶುಭಾಶಯದ ವಿಡಿಯೊ, ಎಲ್ಲದರ ಹೊಟ್ಟೆಯಲ್ಲಿ ಆ ಲೇಖನದ ಗಣಿತವೋ ಅದರ ಮಗುವೋ ಮೊಮ್ಮಗುವೋ ಇದೆ. 2021ರಲ್ಲಿ ಅಮೆರಿಕದ ಒಂದು ಜನಪ್ರಿಯ ಟಿವಿ ಧಾರಾವಾಹಿಯಲ್ಲಿ ನಾಸಿರ್ ಅಹ್ಮದ್ ದಂಪತಿಯ ಕಥೆ ಬಂದ ಮೇಲೆ ಅಲ್ಲಿಯ ಜನ ಇವರು ಯಾರು ಎಂದು ಹುಡುಕಿದರು. ಬೆಂಗಳೂರಿನಲ್ಲಿ ಅವರ ಹೆಸರಿನ ಒಂದು ರಸ್ತೆಯಾದರೂ ಇರಬೇಕು ಎಂಬುದು ನನ್ನ ಆಸೆ.

ಡಿಸಿಟಿ ಮಾಡುವುದೇನು? ಚಿತ್ರವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಒಡೆಯುತ್ತದೆ. ಎಂಟು ಬಿಂದು ಅಗಲ, ಎಂಟು ಬಿಂದು ಎತ್ತರದ ಚೌಕ ಎಂದಿಟ್ಟುಕೊಳ್ಳಿ. 64 ಬಿಂದು, 64 ಸಂಖ್ಯೆ. ಆ ಸಂಖ್ಯೆಗಳನ್ನು ಬಿಂದುಗಳ ಬಣ್ಣವಾಗಿ ಬರೆದಿಡುವ ಬದಲು ಆ ಚೌಕದಲ್ಲಿ ಬಣ್ಣ ನಿಧಾನಕ್ಕೆ ಎಷ್ಟು ಬದಲಾಗುತ್ತದೆ, ಬೇಗಬೇಗ ಎಷ್ಟು ಬದಲಾಗುತ್ತದೆ ಎಂಬ ಲೆಕ್ಕವಾಗಿ ಬರೆದಿಡುತ್ತದೆ. ನೀಲಿ ಆಕಾಶದ ಚೌಕವಾದರೆ ಒಂದೆರಡು ಸಂಖ್ಯೆ ಸಾಕು, ಉಳಿದವೆಲ್ಲ ಹೆಚ್ಚುಕಡಿಮೆ ಸೊನ್ನೆ. ನಮ್ಮ ಕಣ್ಣು ಸೂಕ್ಷ್ಮವಾದ ಏರಿಳಿತವನ್ನು ಅಷ್ಟಾಗಿ ಗಮನಿಸುವುದಿಲ್ಲವಾದ್ದರಿಂದ ಆ ಸಣ್ಣ ಸಂಖ್ಯೆಗಳನ್ನು ಒರಟಾಗಿ ಹತ್ತಿರದ ದುಂಡು ಅಂಕಿಗೆ ಸರಿಸಿಬಿಟ್ಟರೂ ನಡೆಯುತ್ತದೆ. ನಷ್ಟ ಆಗುವುದು ಇಲ್ಲಿಯೇ. ಒಮ್ಮೆ ಹೋದದ್ದು ಮತ್ತೆ ಬರುವುದಿಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಎರಡನೆಯ ಉಪಾಯ ಚಲನೆಗೆ ಸಂಬಂಧಿಸಿದ್ದು. ಸೆಕೆಂಡಿಗೆ 25 ಚಿತ್ರ ಇದ್ದರೂ ಒಂದಕ್ಕೂ ಇನ್ನೊಂದಕ್ಕೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಒಂದು ಚಿತ್ರವನ್ನು ಪೂರ್ತಿ ಬರೆದು, ಮುಂದಿನವುಗಳಿಗೆ 'ಈ ಚೌಕ ನಾಲ್ಕು ಬಿಂದು ಎಡಕ್ಕೆ ಸರಿದಿದೆ, ಆ ಚೌಕ ಇದ್ದಲ್ಲೇ ಇದೆ' ಎಂದಷ್ಟೇ ಬರೆದರೆ ಸಾಕು. ವಿಜಯವಾಡದ ಸ್ಟುಡಿಯೊದಲ್ಲಿ ಕೂತು ವಾರ್ತೆ ಓದುವವರನ್ನು ನೆನೆಸಿಕೊಳ್ಳಿ. ಹಿಂದಿನ ಗೋಡೆ ಅಲುಗುವುದಿಲ್ಲ, ಮೇಜು ಅಲುಗುವುದಿಲ್ಲ, ತುಟಿ ಕಣ್ಣು ಮಾತ್ರ. ಇಂಥದ್ದು ಕುಗ್ಗುವಷ್ಟು ಸುಲಭವಾಗಿ ಇನ್ಯಾವುದೂ ಕುಗ್ಗುವುದಿಲ್ಲ.

ನೀರನ್ನು ಕುಗ್ಗಿಸಿ ನೋಡಿ, ಆಗ ತಿಳಿಯುತ್ತದೆ ಕಷ್ಟ. ವಿಶಾಖಪಟ್ಟಣದ ಆರ್.ಕೆ. ಬೀಚಿನಲ್ಲಿ ಅಲೆ ಬಂದು ದಡಕ್ಕೆ ಒಡೆಯುವುದನ್ನು ಫೋನಿನಲ್ಲಿ ತೆಗೆದಿದ್ದೀರಿ ಎನ್ನಿ. ನೊರೆಯ ಒಂದೊಂದು ಗುಳ್ಳೆಯೂ ಪ್ರತಿ ಚಿತ್ರದಲ್ಲಿ ಹೊಸದು. ಹಿಂದಿನ ಚಿತ್ರದಲ್ಲಿದ್ದ ಚೌಕ ಎಲ್ಲಿಗೆ ಸರಿಯಿತು ಎಂದು ಎನ್‌ಕೋಡರ್, ಅಂದರೆ ಕುಗ್ಗಿಸುವ ತಂತ್ರಾಂಶ, ಹುಡುಕುತ್ತದೆ. ಅದು ಎಲ್ಲಿಗೂ ಸರಿದಿಲ್ಲ, ಇಲ್ಲವಾಗಿಯೇ ಹೋಗಿದೆ. ವಿಜಯವಾಡದ ಪ್ರಕಾಶಂ ಬ್ಯಾರೇಜಿನ ಗೇಟುಗಳನ್ನು ಮಳೆಗಾಲದಲ್ಲಿ ತೆಗೆದಾಗ ಧುಮುಕುವ ಕೃಷ್ಣೆಯದೂ ಇದೇ ಪಾಡು. ತೀರಾ ಕಡಿಮೆ ಬಿಟ್‌ಗಳಲ್ಲಿ ಕುಗ್ಗಿಸಿದರೆ ನೀರೆಲ್ಲ ಚೌಕಚೌಕವಾಗಿ ಹಲಗೆ ಜೋಡಿಸಿದಂತೆ ಕಾಣುತ್ತದೆ. ವಿಜಯವಾಡದಿಂದ ಹೆಚ್ಚು ದೂರವಿಲ್ಲದ ಕೂಚಿಪೂಡಿ ಊರಿನ ನೃತ್ಯವನ್ನೂ ಹೀಗೆ ಗಮನಿಸಿದ್ದೇನೆ. ತರಂಗದಲ್ಲಿ ಕಲಾವಿದೆ ಹಿತ್ತಾಳೆ ತಟ್ಟೆಯ ಅಂಚಿನ ಮೇಲೆ ನಿಂತು ಹೆಜ್ಜೆ ಹಾಕುವಾಗ ತಟ್ಟೆಯ ಹೊಳಪು, ಗೆಜ್ಜೆ, ಸೀರೆಯ ಬೀಸಣಿಗೆ ಮಡಿಕೆ ಎಲ್ಲವೂ ಒಟ್ಟಿಗೆ ಅಲುಗುತ್ತವೆ. ಕಡಿಮೆ ಬಿಟ್ ಕೊಟ್ಟರೆ ಮೊದಲು ಅಳಿಸಿಹೋಗುವುದು ಪಾದವೇ. ನೃತ್ಯದ ವಿಡಿಯೊದಲ್ಲಿ ಪಾದ ಕಾಣದಿದ್ದರೆ ಉಳಿದದ್ದಕ್ಕೆ ಅರ್ಥವೇನು? ಇನ್ನು ಬೀಚಿನ ದಂಡೆಯಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಕುರ್ಸುರಾ ಜಲಾಂತರ್ಗಾಮಿಯ ಒಳಗೆ ಚಿತ್ರ ತೆಗೆದರೆ ಮಬ್ಬುಗತ್ತಲು. ಕತ್ತಲಲ್ಲಿ ಕ್ಯಾಮರಾ ಮೂಡಿಸುವ ಕಾಳುಕಾಳು ಚುಕ್ಕೆಗಳು ಚಿತ್ರದ ತುಂಬ ಹರಡಿರುತ್ತವೆ, ಅವೂ ಎನ್‌ಕೋಡರಿಗೆ ನೀರಿನಷ್ಟೇ ಶತ್ರು.

ಆದ್ದರಿಂದ 'ಒಂದು ಗಂಟೆಯ ವಿಡಿಯೊಗೆ ಎಷ್ಟು ಎಂಬಿ ಸಾಕು' ಎಂದು ಕೇಳಿದರೆ ಯಾರೂ ಒಂದೇ ಉತ್ತರ ಕೊಡಲಾರರು. ಅದರಲ್ಲಿ ಏನಿದೆ ಎಂಬುದರ ಮೇಲೆ ಹೋಗುತ್ತದೆ.

ಈಗ ಕೈಲಿ ಹಿಡಿಯುವ ಸಾಧನಗಳ ಕಡೆಗೆ ಬರೋಣ, ಅವಕ್ಕೆ ಮುಂಚಿನ ತಟ್ಟೆಗಳಿಂದ ಶುರುಮಾಡಿ. 1993ರಲ್ಲಿ ಬಂದ ವಿಸಿಡಿಯಲ್ಲಿ ಇದ್ದದ್ದು ಎಂಪೆಗ್-1 ಎಂಬ ಕುಗ್ಗಿಸುವ ವಿಧಾನ. ಅಗಲ 352, ಎತ್ತರ 288 ಬಿಂದು, ಸೆಕೆಂಡಿಗೆ 11.5 ಲಕ್ಷ ಬಿಟ್. ಒಂದು ತಟ್ಟೆಗೆ ಒಂದೂಕಾಲು ಗಂಟೆ ಹಿಡಿಸುತ್ತಿತ್ತು, ತೆಲುಗು ಕನ್ನಡ ಸಿನಿಮಾಗಳೆಲ್ಲ ಎರಡು ಮೂರು ತಟ್ಟೆಗಳಲ್ಲಿ ಬರುತ್ತಿದ್ದದ್ದು ಅದಕ್ಕೇ. ಆಮೇಲೆ ಡಿವಿಡಿಯ ಎಂಪೆಗ್-2. ಆಮೇಲೆ ಎಂಪೆಗ್-4, ಅದರ ಬೀದಿ ಹೆಸರುಗಳಾದ ಡಿವೆಕ್ಸ್, ಎಕ್ಸ್‌ವಿಡ್; ಇಡೀ ಸಿನಿಮಾ 700 ಎಂಬಿಯ ಒಂದು ಸಿಡಿಗೆ ಇಳಿಯಿತು. 2003ರಲ್ಲಿ ಎಚ್.264 ಬಂತು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಮತ್ತು ಎಂಪೆಗ್ ತಂಡ ಎರಡೂ ಕೂಡಿ ಮಾಡಿದ್ದು. ಇಷ್ಟು ವರ್ಷ ಕಳೆದರೂ ಇಂದಿಗೂ ಜಗತ್ತಿನಲ್ಲಿ ಅತಿ ಹೆಚ್ಚು ಕಡೆ ಓಡುವ ವಿಡಿಯೊ ಅದೇ.

2005ರ ಅಕ್ಟೋಬರಿನಲ್ಲಿ ವಿಡಿಯೊ ತೋರಿಸುವ ಮೊದಲ ಐಪಾಡ್ ಬಂದಾಗ ಅದರ ಪರದೆ ಎರಡೂವರೆ ಅಂಗುಲ, 320ಕ್ಕೆ 240 ಬಿಂದು. ಎಚ್.264 ಆದರೆ ಸೆಕೆಂಡಿಗೆ 768 ಕಿಲೊಬಿಟ್ ಮೀರಬಾರದು, ಅದೂ ಎಚ್.264ರಲ್ಲಿ ಅತ್ಯಂತ ಸರಳವಾದ 'ಬೇಸ್‌ಲೈನ್' ಎಂಬ ಬಗೆ ಆಗಿರಬೇಕು. ಆ ಮಿತಿ ಮೀರಿದರೆ ಯಂತ್ರ ಒಪ್ಪುತ್ತಿರಲಿಲ್ಲ. ಇಷ್ಟು ಕಟ್ಟುನಿಟ್ಟು ಏಕೆಂದರೆ ವಿಡಿಯೊವನ್ನು ಬಿಡಿಸಿ ತೋರಿಸುವ ಕೆಲಸಕ್ಕೆಂದೇ ಒಂದು ಪುಟ್ಟ ಚಿಪ್ ಇತ್ತು, ಅದಕ್ಕೆ ಗೊತ್ತಿದ್ದದ್ದು ಅಷ್ಟೇ. ಇಷ್ಟಾದರೂ 30 ಜಿಬಿ ಮಾದರಿಯಲ್ಲಿ ವಿಡಿಯೊ 2 ಗಂಟೆ ಓಡುತ್ತದೆ ಎಂದು ಕಂಪನಿಯೇ ಹೇಳಿಕೊಂಡಿತ್ತು. ವಿಜಯವಾಡದಲ್ಲಿ ಸಿನಿಮಾ ಹಚ್ಚಿದರೆ ಗೋದಾವರಿ ಸೇತುವೆ ಬರುವ ಹೊತ್ತಿಗೆ ಪರದೆ ಆರುತ್ತಿತ್ತು.

ಐಪಾಡ್ ಕೊಳ್ಳಲಾಗದವರಿಗೆ ಚೀನಾದ 'ಎಂಪಿ4 ಪ್ಲೇಯರ್' ಎಂಬ ಪುಟ್ಟ ಸಾಧನ ಸಿಗುತ್ತಿತ್ತು. ಹೆಸರು ಎಂಪಿ4, ಆದರೆ ಅವುಗಳಲ್ಲಿ ಎಷ್ಟೋ ಎಂಪಿ4 ಕಡತವನ್ನು ಓಡಿಸುತ್ತಲೇ ಇರಲಿಲ್ಲ! ಎಎಂವಿ ಎಂಬ ತಮ್ಮದೇ ರೂಪಕ್ಕೆ ಬದಲಾಯಿಸಿಕೊಡಬೇಕಿತ್ತು, ಅದಕ್ಕೊಂದು ಸಿಡಿ ಜೊತೆಯಲ್ಲಿ ಬರುತ್ತಿತ್ತು. ಎಎಂವಿಯಲ್ಲಿ ಚಲನೆಯ ಲೆಕ್ಕವೇ ಇಲ್ಲ. ಸೆಕೆಂಡಿಗೆ 12ರಿಂದ 16 ಬಿಡಿಬಿಡಿ ಫೋಟೊಗಳನ್ನು ಜೋಡಿಸಿಟ್ಟ ಹಾಗೆ. ಅಷ್ಟು ದುರ್ಬಲ ಚಿಪ್ಪಿಗೆ ಅದಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. ನೋಕಿಯಾ ಫೋನುಗಳಲ್ಲಿ 3ಜಿಪಿ. 176ಕ್ಕೆ 144 ಬಿಂದುಗಳ ಆ ಮಸುಕು ಚಿತ್ರಗಳು ಅನೇಕರ ಹಳೆಯ ಮೆಮೊರಿ ಕಾರ್ಡುಗಳಲ್ಲಿ ಇನ್ನೂ ಇರಬೇಕು.

ಆ ಕಾಲದಲ್ಲಿ ವಿಜಯವಾಡದ ಬೀಸೆಂಟ್ ರಸ್ತೆಯ ಸುತ್ತಿನ ಗಲ್ಲಿಗಳಲ್ಲಿ, ವಿಶಾಖಪಟ್ಟಣದ ದ್ವಾರಕಾನಗರದಲ್ಲಿ, ನಮ್ಮ ಊರುಗಳ ಬಸ್ ನಿಲ್ದಾಣದ ಪಕ್ಕದಲ್ಲಿಯೂ, ಮೆಮೊರಿ ಕಾರ್ಡಿಗೆ ಹಾಡು ಸಿನಿಮಾ ತುಂಬಿಕೊಡುವ ಅಂಗಡಿಗಳಿದ್ದವು. ಅವರು ತುಂಬುತ್ತಿದ್ದದ್ದರಲ್ಲಿ ಹೆಚ್ಚಿನದು ಕದ್ದ ಮಾಲು. ವಿತರಕರ ಕಚೇರಿಗಳೇ ಬೀದಿಗಟ್ಟಲೆ ಇರುವ, ಸಿನಿಮಾದಿಂದ ಸಾವಿರಾರು ಮನೆ ನಡೆಯುವ ವಿಜಯವಾಡದಂಥ ಊರಿಗೆ ಅದು ಮಾಡಿದ ಹಾನಿ ಚಿಕ್ಕದಲ್ಲ. ಅದನ್ನು ನಾನು ಸಮರ್ಥಿಸಲಾರೆ. ಆದರೆ ಆ ಅಂಗಡಿಯ ಹುಡುಗರಿಗೆ ಒಂದು ವಿಷಯ ಚೆನ್ನಾಗಿ ತಿಳಿದಿತ್ತು. ಕಾರ್ಡು ಮುಂದೆ ಇಟ್ಟ ಕೂಡಲೇ ಅವರು ಕೇಳುತ್ತಿದ್ದ ಮೊದಲ ಪ್ರಶ್ನೆ, "ಏ ಫೋನಂಡಿ?" ಯಾವ ಫೋನು ಸ್ವಾಮಿ, ಎಂದು. ಯಾವ ಸಿನಿಮಾ, ಎಷ್ಟು ಬೇಕು ಎಲ್ಲ ಆಮೇಲೆ. ಫೋನು ತಿಳಿದರೆ ಪರದೆ ಎಷ್ಟು, ಚಿಪ್ ಯಾವುದು, 3ಜಿಪಿಯೋ ಎಂಪಿ4ಓ ಎಂಬುದು ಅವರಿಗೆ ತಾನಾಗಿ ತಿಳಿಯುತ್ತಿತ್ತು.

ಇಂದಿಗೂ ನಾನು ಹೇಳುವುದು ಅದನ್ನೇ. ಫಾರ್ಮ್ಯಾಟಿನಲ್ಲಿ ಉತ್ತಮವಾದದ್ದು ಯಾವುದು ಎಂದು ಕೇಳಬೇಡಿ. ನೋಡುವವರ ಕೈಯಲ್ಲಿ ಇರುವುದು ಯಾವ ಸಾಧನ ಎಂದು ಕೇಳಿ.

2013ರಲ್ಲಿ ಬಂದ ಎಚ್.265, ಎಚ್.264 ಬಳಸುವ ಜಾಗದ ಸುಮಾರು ಅರ್ಧದಲ್ಲೇ ಅಷ್ಟೇ ಚೆಂದದ ಚಿತ್ರ ಕೊಡುತ್ತದೆ. ಅದೇ ವರ್ಷ ಗೂಗಲ್ಲಿನ ವಿಪಿ9 ಬಂತು. ಎಚ್.265ಕ್ಕೆ ಪೇಟೆಂಟ್ ಹಣ ಕೇಳುವವರು ಒಬ್ಬರಲ್ಲ, ಬೇರೆ ಬೇರೆ ಗುಂಪುಗಳು. ಈ ಜಂಜಾಟ ಬೇಡವೆಂದು ಗೂಗಲ್, ನೆಟ್‌ಫ್ಲಿಕ್ಸ್, ಅಮೆಜಾನ್, ಮೊಜಿಲ್ಲಾ ಮುಂತಾದವರು 2015ರಲ್ಲಿ ಒಕ್ಕೂಟ ಕಟ್ಟಿ, ಯಾರಿಗೂ ಶುಲ್ಕ ಕೊಡದೆ ಬಳಸುವಂತಾಗಲಿ ಎಂದು ಎವಿ1 ರೂಪವನ್ನು 2018ರಲ್ಲಿ ಹೊರತಂದರು. ಅದು ಇನ್ನೂ ಚಿಕ್ಕದಾಗಿ ಕುಗ್ಗಿಸುತ್ತದೆ. ಹಾಗಾದರೆ ಎಲ್ಲವನ್ನೂ ಎವಿ1ಕ್ಕೆ ಬದಲಾಯಿಸಿಬಿಡೋಣವೇ?

ಸ್ವಲ್ಪ ತಡೆಯಿರಿ. ಎವಿ1 ಬಿಡಿಸುವ ಚಿಪ್ ಇರುವ ಫೋನುಗಳು ಸ್ನ್ಯಾಪ್‌ಡ್ರ್ಯಾಗನ್ನಿನ ಮೇಲ್ವರ್ಗದಲ್ಲಿ 2022ರ ಕೊನೆಗೆ, ಐಫೋನಿನಲ್ಲಿ 2023ರ 15 ಪ್ರೊ ಮಾದರಿಯೊಂದಿಗೆ ಬಂದವು. ಅದಿಲ್ಲದ ಫೋನಿನಲ್ಲಿ ಎವಿ1 ಓಡುವುದೇ ಇಲ್ಲ ಎಂದಲ್ಲ. ಮುಖ್ಯ ಪ್ರೊಸೆಸರ್ ತಾನೇ ಕೂತು ಲೆಕ್ಕ ಬಿಡಿಸಬೇಕು. ಫೋನು ಬಿಸಿಯಾಗುತ್ತದೆ, ಬ್ಯಾಟರಿ ಕರಗುತ್ತದೆ, ಜೋರಾಗಿ ಓಡುವ ದೃಶ್ಯದಲ್ಲಿ ಚಿತ್ರ ತಡವರಿಸುತ್ತದೆ. ಮೆಮೊರಿ ಕಾರ್ಡಿನಲ್ಲಿ 400 ಎಂಬಿ ಉಳಿಸಲು ಹೋಗಿ ತುನಿ ಸ್ಟೇಷನ್ನಿನಲ್ಲಿ ಚಾರ್ಜರ್ ಹುಡುಕುವಂತಾಗುತ್ತದೆ. ಮೆಮೊರಿ ಕಾರ್ಡು ಇಂದು ಅಗ್ಗ. ಪ್ರಯಾಣದಲ್ಲಿ ಬ್ಯಾಟರಿಯೇ ದುಬಾರಿ.

ಎಚ್.265ದೂ ಇಂಥದೇ ತೊಂದರೆ, ಆದರೆ ಬೇರೆ ಜಾಗದಲ್ಲಿ. 2017ರಿಂದ ಐಫೋನುಗಳು, ಆಮೇಲೆ ಅನೇಕ ಆಂಡ್ರಾಯ್ಡ್ ಫೋನುಗಳು ವಿಡಿಯೊವನ್ನು ಎಚ್.265ರಲ್ಲೇ ಬರೆಯುತ್ತವೆ. ಮಗಳು ವಿಶಾಖಪಟ್ಟಣದಲ್ಲಿ ಮೊಮ್ಮಗುವಿನ ಅನ್ನಪ್ರಾಶನ ಚಿತ್ರಿಸಿ, ಪೆನ್‌ಡ್ರೈವಿಗೆ ಹಾಕಿ ಶಿವಮೊಗ್ಗಕ್ಕೆ ಕಳಿಸುತ್ತಾಳೆ. ಅಜ್ಜ ಹತ್ತು ವರ್ಷದ ಹಳೆಯ ಟಿವಿಗೆ ಚುಚ್ಚಿದರೆ ಮಾತು ಕೇಳಿಸುತ್ತದೆ, ಚಿತ್ರ ಇಲ್ಲ. ಕಡತದ ಹೆಸರಿನ ಕೊನೆಯಲ್ಲಿ ಎಂಪಿ4 ಎಂದೇ ಇದೆ, ಹಿಂದಿನ ಎಂಪಿ4ಗಳೆಲ್ಲ ಓಡಿವೆ, ಇದಕ್ಕೇನಾಯಿತು ಎಂದು ಮನೆಯವರೆಲ್ಲ ತಲೆ ಕೆಡಿಸಿಕೊಳ್ಳುತ್ತಾರೆ. ಎಂಪಿ4, ಎಂಕೆವಿ, ಎವಿಐ ಇವೆಲ್ಲ ಊಟದ ಡಬ್ಬಿಯ ಹೆಸರುಗಳು; ಒಳಗಿರುವ ಅಡುಗೆ ಎಚ್.264 ಆಗಿರಬಹುದು, ಎಚ್.265 ಆಗಿರಬಹುದು. ಒಳಗೆ ಏನಿದೆ ಎಂದು ತಿಳಿಯಬೇಕಾದರೆ ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರಿನಲ್ಲಿ ಕಡತ ತೆರೆದು, 'ಟೂಲ್ಸ್' ಪಟ್ಟಿಯಲ್ಲಿ ಕೋಡೆಕ್ ಮಾಹಿತಿ ನೋಡಿ. ಅರ್ಧ ನಿಮಿಷದ ಕೆಲಸ. ಪೆನ್‌ಡ್ರೈವಿನ ಇನ್ನೊಂದು ಕಾಟವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅದು ಫ್ಯಾಟ್32 ವಿಧಾನದಲ್ಲಿ ಸಿದ್ಧವಾಗಿದ್ದರೆ 4 ಜಿಬಿಗಿಂತ ದೊಡ್ಡ ಒಂದು ಕಡತವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಜಾಗ ಎಷ್ಟೇ ಖಾಲಿ ಇದ್ದರೂ.

ಯಾವ ಸಾಧನಕ್ಕೆ ಯಾವ ರೂಪ ಎಂದು ಒಂದು ಕುಟುಂಬಕ್ಕೆ ಎದುರಾಗುವ ಈ ಪ್ರಶ್ನೆ ಇಡೀ ಸರ್ಕಾರಕ್ಕೆ ಎದುರಾದರೆ ಹೇಗಿರುತ್ತದೆ? ಆಂಧ್ರಪ್ರದೇಶ ಸರ್ಕಾರ 2022ರ ಡಿಸೆಂಬರ್ 21ರಿಂದ ಎಂಟನೆಯ ತರಗತಿಯ ಸರ್ಕಾರಿ ಶಾಲೆಯ ಮಕ್ಕಳಿಗೂ ಅವರ ಉಪಾಧ್ಯಾಯರಿಗೂ ಪಾಠದ ವಿಡಿಯೊ ತುಂಬಿದ ಟ್ಯಾಬ್ ಕೊಟ್ಟಿತು. ಮೊದಲ ವರ್ಷವೇ 5,18,740 ಟ್ಯಾಬು. ಅದರಲ್ಲಿ ಮಕ್ಕಳಿಗೆ 4,59,564, ಉಪಾಧ್ಯಾಯರಿಗೆ 59,176. ಮರುವರ್ಷ ಅದೇ ದಿನ ಎರಡನೆಯ ಸುತ್ತಿನ ಸಮಾರಂಭ ನಡೆದದ್ದು ಚಿಂತಪಲ್ಲಿಯಲ್ಲಿ. ಹಿಂದೆ ವಿಶಾಖಪಟ್ಟಣ ಜಿಲ್ಲೆಯಲ್ಲಿದ್ದು ಈಗ ಅಲ್ಲೂರಿ ಸೀತಾರಾಮರಾಜು ಜಿಲ್ಲೆಗೆ ಸೇರಿದ ಬೆಟ್ಟದ ಊರು ಅದು. ಆ ಟ್ಯಾಬುಗಳಲ್ಲಿ ಇಂಟರ್‌ನೆಟ್ ಇಲ್ಲದೆಯೂ ಪಾಠ ನೋಡಬಹುದಿತ್ತು. ಆ ಯೋಜನೆಯ ರಾಜಕೀಯ ನನ್ನ ವಿಷಯವಲ್ಲ. ಆದರೆ ಲೆಕ್ಕ ಮಾಡಿ ನೋಡಿ. ಸೆಕೆಂಡಿಗೆ 10 ಲಕ್ಷ ಬಿಟ್ ಎಂದರೆ ಗಂಟೆಗೆ 450 ಎಂಬಿ. 64 ಜಿಬಿಯ ಕಾರ್ಡಿನಲ್ಲಿ ಸುಮಾರು 140 ಗಂಟೆಯ ಪಾಠ. ಬಿಳಿ ಹಲಗೆ, ನಿಂತ ಮೇಷ್ಟ್ರು, ನಿಧಾನಕ್ಕೆ ಚಲಿಸುವ ರೇಖಾಚಿತ್ರ. ಇಂಥದಕ್ಕೆ ಅದರ ಅರ್ಧ ಬಿಟ್ ಕೊಟ್ಟರೂ ಚಿತ್ರ ಚೊಕ್ಕವಾಗಿರುತ್ತದೆ, ಹೊತ್ತು ಇಮ್ಮಡಿಯಾಗುತ್ತದೆ. ಅದೇ ಜಾಗದಲ್ಲಿ ಎರಡು ತರಗತಿಯ ಪಾಠ! ಅಗ್ಗದ ಟ್ಯಾಬಿನ ಚಿಪ್ಪಿಗೆ ಹೊಂದುವ ರೂಪವನ್ನು ಆರಿಸಿದರೆ ಬೆಟ್ಟದ ಹಾಸ್ಟೆಲಿನಲ್ಲಿ ಕರೆಂಟು ಹೋದ ಸಂಜೆಯೂ ಮಗು ಪಾಠ ನೋಡಬಹುದು. ತಪ್ಪಾಗಿ ಆರಿಸಿದರೆ ಆ ತಪ್ಪು ಲಕ್ಷಾಂತರ ಕೈಗಳಲ್ಲಿ ಒಟ್ಟಿಗೆ ಕೂರುತ್ತದೆ. ನಮ್ಮ ಕರ್ನಾಟಕದಲ್ಲಿಯೂ ಮಕ್ಕಳಿಗೆ ವಿಡಿಯೊ ಪಾಠ ಹಂಚುವವರು ಈ ವಿಚಾರವನ್ನು ಗುಮಾಸ್ತಿಕೆಯ ವಿವರವೆಂದು ಬದಿಗೆ ಸರಿಸಬಾರದು.

ಇನ್ನು ಮನೆಯಲ್ಲಿ ಮಾಡಿಕೊಳ್ಳುವ ಕ್ರಮ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ ಇದೆ, ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ನಡೆಯುತ್ತದೆ. ಯಾರು ನೋಡುತ್ತಾರೋ, ಯಾವುದರಲ್ಲಿ ನೋಡುತ್ತಾರೋ ಖಚಿತವಿಲ್ಲದಿದ್ದರೆ ಎಚ್.264 ಆರಿಸಿ, ಎಂಪಿ4 ಡಬ್ಬಿಗೆ ಹಾಕಿ. ಫೋನಿನ ಪರದೆಗೆ 1280ಕ್ಕೆ 720 ಸಾಕೇ ಸಾಕು. ಹಳೆಯ ಫೋನಿಗೆ 854ಕ್ಕೆ 480. ಗಾತ್ರವನ್ನು ಮೊದಲೇ ಗೊತ್ತುಮಾಡುವುದಕ್ಕಿಂತ ಗುಣಮಟ್ಟವನ್ನು ಗೊತ್ತುಮಾಡುವುದು ಮೇಲು. ಅಲ್ಲೊಂದು ಅಂಕಿ ಇರುತ್ತದೆ. 20ರಿಂದ 23ರ ನಡುವೆ ಇಡಿ, ಅಂಕಿ ಇಳಿದಷ್ಟೂ ಚಿತ್ರ ಚೆನ್ನ, ಕಡತ ದೊಡ್ಡದು. ಹೀಗೆ ಮಾಡಿದಾಗ ಅಲೆಗಳಿಗೆ ಹೆಚ್ಚು ಬಿಟ್, ವಾರ್ತೆ ಓದುವವರಿಗೆ ಕಡಿಮೆ ಬಿಟ್ ಎಂದು ತಂತ್ರಾಂಶವೇ ಹಂಚಿಕೊಳ್ಳುತ್ತದೆ. ಇಡೀ ಸಿನಿಮಾವನ್ನು ಕುಗ್ಗಿಸುವ ಮೊದಲು ಒಂದು ನಿಮಿಷದ ತುಣುಕನ್ನು ಪರೀಕ್ಷೆಗೆ ಕುಗ್ಗಿಸಿ, ಆ ಫೋನಿನಲ್ಲೇ ಓಡಿಸಿ ನೋಡಿ. ತುಣುಕನ್ನು ಆರಿಸುವಾಗ ಮಳೆ, ಹೊಡೆದಾಟ, ಕುಣಿತ, ಕತ್ತಲು ಇರುವ ಭಾಗವನ್ನೇ ಆರಿಸಿ. ಶೀರ್ಷಿಕೆಯ ನಿಮಿಷ ಯಾವಾಗಲೂ ಚೆನ್ನಾಗಿಯೇ ಬರುತ್ತದೆ.

ಧ್ವನಿಯಲ್ಲಿ ಮಾತ್ರ ಜಿಪುಣತನ ಬೇಡ. ಎಎಸಿ ರೂಪದಲ್ಲಿ ಸೆಕೆಂಡಿಗೆ 128 ಕಿಲೊಬಿಟ್ ಕೊಟ್ಟರೂ ಗಂಟೆಗೆ 58 ಎಂಬಿ ದಾಟುವುದಿಲ್ಲ. ಭಾಷಣಕ್ಕೆ ಅದರ ಅರ್ಧ ನಡೆದೀತು. ವೀಣೆಗೆ, ಚೆಂಡೆಗೆ, ಭಾಗವತರ ಏರುದನಿಗೆ ನಡೆಯದು. ಮಸುಕಾದ ಚಿತ್ರವನ್ನು ಜನ ಸಹಿಸಿಕೊಂಡು ನೋಡುತ್ತಾರೆ, ಗರಗರ ಎನ್ನುವ ಧ್ವನಿಯನ್ನು ಐದು ನಿಮಿಷ ಸಹಿಸುವುದಿಲ್ಲ. ಬಾನುಲಿಯಲ್ಲಿ ಮಾತಾಡುತ್ತಿರುವ ನಾನು ಇದನ್ನು ವಿಸ್ತರಿಸಬೇಕಾಗಿಲ್ಲ.

ಮೊದಲೊಂದು ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ ಎಂದಿದ್ದೆ. ಒಮ್ಮೆ ಕುಗ್ಗಿಸುವಾಗ ಹೋದದ್ದು ಮತ್ತೆ ಬರುವುದಿಲ್ಲ. ಕುಗ್ಗಿಸಿದ್ದನ್ನೇ ಮತ್ತೆ ಕುಗ್ಗಿಸಿದರೆ ಇನ್ನಷ್ಟು ಹೋಗುತ್ತದೆ. ಮದುವೆಯ ವಿಡಿಯೊ ವಾಟ್ಸ್ಯಾಪಿನಲ್ಲಿ ಒಬ್ಬರಿಂದ ಬರುತ್ತದೆ, ಅಷ್ಟರಲ್ಲೇ ಅದು ಕುಗ್ಗಿಯಾಗಿದೆ. ಅದನ್ನು ಇನ್ನೊಂದು ಆ್ಯಪಿನಲ್ಲಿ ಕತ್ತರಿಸಿ ಹಾಡು ಸೇರಿಸಿ ಸ್ಟೇಟಸ್ಸಿಗೆ ಹಾಕುತ್ತಾರೆ, ಮತ್ತೆ ಕುಗ್ಗುತ್ತದೆ. ಅಲ್ಲಿಂದ ಇನ್ನೊಬ್ಬರು ಇಳಿಸಿಕೊಳ್ಳುತ್ತಾರೆ. ಕೊನೆಗೆ ಮನೆಯಲ್ಲಿ ಉಳಿಯುವ ಪ್ರತಿಯಲ್ಲಿ ಧಾರೆ ಎರೆಯುವ ತಾಯಿಯ ಮುಖ ಮೇಣದ ಗೊಂಬೆಯ ಮುಖ. ಮೂಲ ಕಡತ ಇದ್ದ ಫೋನನ್ನು ಆ ಹೊತ್ತಿಗೆ ಬದಲಾಯಿಸಿಯಾಗಿರುತ್ತದೆ. ಕಳಿಸುವವರು ಅದನ್ನು ವಿಡಿಯೊ ಎಂದು ಕಳಿಸದೆ 'ಡಾಕ್ಯುಮೆಂಟ್' ಎಂದು ಕಳಿಸಿದರೆ 2 ಜಿಬಿಯವರೆಗೆ ಒಂದು ಬಿಟ್ಟೂ ಬದಲಾಗದೆ ಹೋಗುತ್ತದೆ. ಮದುವೆಯ ಫೋಟೊಗ್ರಾಫರ್ ಹತ್ತಿರ ಸಂಕಲಿಸಿದ ಪ್ರತಿಯ ಜೊತೆ ಕ್ಯಾಮರಾದ ಮೂಲ ಕಡತಗಳನ್ನೂ ಕೇಳಿ ಪಡೆಯಿರಿ, ಹಾರ್ಡ್ ಡಿಸ್ಕ್ ನೀವೇ ಕೊಟ್ಟು. ರೈಲಿಗೆ, ಟ್ಯಾಬಿಗೆ, ಟಿವಿಗೆ ಬೇಕಾದ ಚಿಕ್ಕ ಪ್ರತಿಗಳನ್ನು ಯಾವಾಗಲೂ ಮೂಲದಿಂದಲೇ ಮಾಡಿ, ಇನ್ನೊಂದು ಚಿಕ್ಕ ಪ್ರತಿಯಿಂದ ಮಾಡಬೇಡಿ.

ಕೊನೆಯದಾಗಿ ಒಂದು ಬಿನ್ನಹ. 1998ರಿಂದ 2008ರವರೆಗೆ ನಡೆದ ಮದುವೆ, ಉಪನಯನ, ಷಷ್ಟ್ಯಬ್ದಿಗಳ ವಿಸಿಡಿಗಳು ಬೀರುವಿನಲ್ಲಿ ಪ್ಲಾಸ್ಟಿಕ್ ಲಕೋಟೆಯಲ್ಲಿ ಕೂತಿವೆ. ಮನೆಯಲ್ಲಿ ಬರೆದ ಆ ತಟ್ಟೆಗಳ ಬಣ್ಣದ ಪದರ ಸೆಕೆಗೆ, ತೇವಕ್ಕೆ ಕೆಡುತ್ತ ಬರುತ್ತದೆ. ಕರಾವಳಿಯ ಊರುಗಳಲ್ಲಂತೂ ಇನ್ನೂ ಬೇಗ. ಸಿಡಿ ಡ್ರೈವ್ ಇರುವ ಹಳೆಯ ಕಂಪ್ಯೂಟರ್ ಎಲ್ಲಿದ್ದರೂ ಹುಡುಕಿ. ತಟ್ಟೆಯೊಳಗೆ ಎಂಪೆಗ್‌ಎವಿ ಎಂಬ ಫೋಲ್ಡರ್ ಇರುತ್ತದೆ, ಅದರಲ್ಲಿ ಡ್ಯಾಟ್ ಎಂದು ಕೊನೆಯಾಗುವ ಕಡತಗಳು. ಅವನ್ನು ಯಾವ ಹೊಸ ರೂಪಕ್ಕೂ ಬದಲಾಯಿಸದೆ, ಇದ್ದ ಹಾಗೆಯೇ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕುಗಳಿಗೆ ನಕಲು ಮಾಡಿ. ಅವು ಎಂಪೆಗ್-1, ವಿಎಲ್‌ಸಿಯಲ್ಲಿ ಇಂದಿಗೂ ಓಡುತ್ತವೆ. ಫೋನಿಗೆ ಬೇಕಾದರೆ ಆಮೇಲೆ ಒಂದು ಚಿಕ್ಕ ಪ್ರತಿ ಮಾಡಿಕೊಳ್ಳಿ. ಮುಂದಿನ ಮಳೆಗಾಲ ಬರುವ ಮೊದಲು ಈ ಕೆಲಸ ಮುಗಿಸಿ.